ಕೆಲಸದಲ್ಲಿ ಉಳಿದವರ ಕಥೆ

ಕೆಲಸ ಕಳೆದುಕೊಂಡವನ ದುಃಖ ಸಾಹಿತ್ಯಕ್ಕೆ ಹೊಸದಲ್ಲ. ಆರ್ಥರ್ ಮಿಲ್ಲರನ ‘ಡೆತ್ ಆಫ್ ಎ ಸೇಲ್ಸ್‌ಮನ್’ (1949) ನಾಟಕದ ವಿಲಿ ಲೋಮನ್ ಹಳೆಯ ಯಜಮಾನನ ಮಗನ ಮುಂದೆ ಅಂಗಲಾಚಿ ನಿಂತು, ಇದ್ದ ಕೆಲಸವನ್ನೂ ಕಳೆದುಕೊಂಡು ಹಿಂದಿರುಗುವ ದೃಶ್ಯವನ್ನು ನೋಡಿದವರು ಮರೆಯಲಾರರು. ನಮ್ಮ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಅಧಿಕಾರಿಯಾಗಿದ್ದು, ಕಾರಣ ಏನೆಂದೇ ಸರಿಯಾಗಿ ತಿಳಿಯದೆ ಅಮಾನತ್ತಿಗೆ ಒಳಗಾಗಿ, ಬೇಟೆಗೆ ಸಿಕ್ಕ ಮೃಗದಂತೆ ತಳಮಳಿಸುತ್ತಾನೆ. ಎರಡು ಕೃತಿಗಳೂ ಬಾಗಿಲಿನಾಚೆ ತಳ್ಳಿಸಿಕೊಂಡವನ ಬೆನ್ನ ಹಿಂದೆಯೇ ನಡೆಯುತ್ತವೆ. ಬಾಗಿಲಿನೊಳಗೆ ಉಳಿದವರ ಗತಿ ಏನಾಯಿತು? ಇಂದು ಒಬ್ಬ, ಮುಂದಿನ ತಿಂಗಳು ಇಬ್ಬರು, ಅದರ ಮುಂದೆ ಯಾರೋ ಎಂದು ಕಡಿತದ ಮೇಲೆ ಕಡಿತ ನಡೆಯುವಾಗ, ಸಂಬಳ ತಪ್ಪದ ಆ ‘ಅದೃಷ್ಟವಂತ’ರ ಮನಸ್ಸು ಏನಾಗುತ್ತದೆ? ಅಮೆರಿಕದ ಜೋಶುವಾ ಫೆರಿಸ್ 2007ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ ‘ದೆನ್ ವಿ ಕೇಮ್ ಟು ದಿ ಎಂಡ್’ ಹಿಡಿದಿರುವುದು ಈ ಪ್ರಶ್ನೆಯನ್ನು. ‘ಆಮೇಲೆ ನಾವು ಕೊನೆ ಮುಟ್ಟಿದೆವು’ ಎಂದು ಅದರ ಹೆಸರನ್ನು ಕನ್ನಡಿಸಬಹುದು.

ಕಥೆ ನಡೆಯುವುದು ಶಿಕಾಗೊ ನಗರದ ಒಂದು ಜಾಹೀರಾತು ಕಂಪನಿಯಲ್ಲಿ. ಕಾಲ, ಅಂತರಜಾಲದ ವ್ಯಾಪಾರ ಉಬ್ಬಿ ಒಡೆದ 2000–2001ರ ಸುಮಾರು. ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಡುತ್ತಾರೆ; ಅದರಂತೆಯೇ ನೌಕರರನ್ನೂ ಒಬ್ಬೊಬ್ಬರಾಗಿ ಕರೆಸಿ ಕಳುಹಿಸಲಾಗುತ್ತದೆ. ಆ ನಿರ್ಗಮನಕ್ಕೆ ಕಚೇರಿಯವರು ‘ಸ್ಪ್ಯಾನಿಷ್ ನಡಿಗೆ’ ಎಂಬ ಅಡ್ಡ ಹೆಸರನ್ನೂ ಇಟ್ಟುಕೊಂಡಿದ್ದಾರೆ. ಫೆರಿಸ್ ಸ್ವತಃ ಶಿಕಾಗೊದ ಜಾಹೀರಾತು ವೃತ್ತಿಯಲ್ಲಿ ದುಡಿದವನಾದ್ದರಿಂದ, ವಿವರಗಳಲ್ಲಿ ಕೇಳಿ ಬರೆದವನ ಅಳುಕು ಕಾಣುವುದಿಲ್ಲ.

ಕಾದಂಬರಿಯ ನಿರೂಪಕ ಯಾರು? ‘ನಾನು’ ಅಲ್ಲ, ‘ಅವನು’ ಅಲ್ಲ, ‘ನಾವು’. ಸುಮಾರು ನಾಲ್ಕುನೂರು ಪುಟಗಳ ಕೃತಿ, ಒಂದು ಅಧ್ಯಾಯ ಹೊರತು, ಬಹುವಚನದಲ್ಲಿಯೇ ಸಾಗುತ್ತದೆ. ಇದು ಬರಿಯ ಚಮತ್ಕಾರವಾಗಿದ್ದರೆ ಮೂವತ್ತನೆಯ ಪುಟಕ್ಕೆ ಬೇಸರ ಬರುತ್ತಿತ್ತು. ಬೇಸರ ಬಾರದಿರಲು ಕಾರಣವಿದೆ. ಈ ‘ನಾವು’ ಒಂದು ಸ್ಥಿರವಾದ ಗುಂಪಲ್ಲ. ನಿನ್ನೆಯವರೆಗೆ ‘ನಮ್ಮ’ ಜೊತೆ ಕಾಫಿ ಕುಡಿಯುತ್ತಿದ್ದ ಟಾಮ್ ಮೋಟ, ಹೊರಗೆ ಹೋದ ದಿನವೇ ‘ಅವನು’ ಆಗಿಬಿಡುತ್ತಾನೆ. ಅವನ ವಿಷಯದಲ್ಲಿ ಮರುಕ, ಭಯ, ಸ್ವಲ್ಪ ಹಾಸ್ಯ, ಸ್ವಲ್ಪ ನಿರಾಳ ಎಲ್ಲವೂ ಬೆರೆಯುತ್ತವೆ. ಹೋದವನಲ್ಲಿ ಏನಾದರೂ ಕೊರತೆ ಇದ್ದಿರಬೇಕು ಎಂದು ಹುಡುಕುವುದು ಉಳಿದವರಿಗೆ ಒಂದು ಅಗತ್ಯವಾಗುತ್ತದೆ. ಕೊರತೆ ಸಿಕ್ಕದಿದ್ದರೆ ನಾಳೆ ತಮ್ಮ ಸರದಿ ಏಕಾಗಬಾರದು?

ಈ ಭಯ ಎಷ್ಟು ಸಣ್ಣ ಸಂಗತಿಗಳಲ್ಲಿ ಮನೆ ಮಾಡುತ್ತದೆ ಎಂಬುದನ್ನು ಕುರ್ಚಿಯ ಪ್ರಸಂಗದಲ್ಲಿ ನೋಡಬೇಕು. ಕೆಲಸ ಹೋದವನೊಬ್ಬನ ಒಳ್ಳೆಯ ಕುರ್ಚಿಯನ್ನು ಕ್ರಿಸ್ ಯಾಪ್ ಎಂಬಾತ ತನ್ನ ಕೋಣೆಗೆ ತಂದುಕೊಂಡಿದ್ದಾನೆ. ಪ್ರತಿ ಕುರ್ಚಿಗೂ ಕ್ರಮಸಂಖ್ಯೆ ಇದೆ, ಲೆಕ್ಕ ಇಡುವವರಿದ್ದಾರೆ ಎಂದು ತಿಳಿದ ಕ್ಷಣದಿಂದ ಅವನಿಗೆ ನಿದ್ರೆ ಇಲ್ಲ. ಐವತ್ತರ ಹತ್ತಿರದ ಗಂಡಸು, ಅನುಭವಿ, ಒಂದು ಕುರ್ಚಿಯ ಸಂಖ್ಯೆಗೆ ನಡುಗುತ್ತಾನೆ. ಕೊನೆಗೆ ಕೆಲಸವೂ ಹೋಗುತ್ತದೆ. ಹೋದ ಮೇಲೆಯೂ ಆತ ಕಚೇರಿಗೆ ನುಸುಳಿ ಬಂದು, ಸಭೆಯಲ್ಲಿ ಕುಳಿತು, ಯಾರೂ ಕೇಳದ ಜಾಹೀರಾತಿಗೆ ಯೋಚನೆಗಳನ್ನು ಬರೆಯುತ್ತಾನೆ! ಆ ಕುರ್ಚಿಯನ್ನು ಬಿಡಿಬಿಡಿಯಾಗಿ ಕಳಚಿ ಮಿಷಿಗನ್ ಸರೋವರಕ್ಕೆ ಎಸೆಯುವ ದೃಶ್ಯದಲ್ಲಿ ಮೊದಲು ನಗು ಬರುತ್ತದೆ. ಪುಟ ತಿರುವಿದ ಮೇಲೆ ಆ ನಗು ಗಂಟಲಲ್ಲಿ ನಿಲ್ಲುತ್ತದೆ.

ಇಷ್ಟಕ್ಕೂ ಈ ಕಚೇರಿಯಲ್ಲಿ ಕೆಲಸ ನಡೆಯುತ್ತದೆಯೆ? ಕಂಪನಿಯ ದೃಷ್ಟಿಯಿಂದ ಕಡಿತದ ಉದ್ದೇಶ ಉಳಿದವರು ಹೆಚ್ಚು ದುಡಿಯಬೇಕೆಂಬುದು. ಕಾದಂಬರಿ ತೋರಿಸುವುದು ಇದಕ್ಕೆ ವಿರುದ್ಧವಾದುದನ್ನು. ಕೆಲಸ ಕಡಮೆಯಾದಷ್ಟೂ, ಕೆಲಸ ಇರುವಂತೆ ನಟಿಸುವ ಶ್ರಮ ಹೆಚ್ಚುತ್ತದೆ. ಯಾರ ಬಾಗಿಲು ಮುಚ್ಚಿದೆ, ಮೇಲಿನವರು ಯಾರನ್ನು ಕರೆದರು, ಮುಖಭಾವ ಹೇಗಿತ್ತು ಎಂಬ ಊಹಾಪೋಹವೇ ದಿನದ ಮುಖ್ಯ ಉದ್ಯೋಗವಾಗುತ್ತದೆ. ಹೊಸ ಕಲ್ಪನೆ ಬೇಕಾದ ವೃತ್ತಿಯಲ್ಲಿ, ತಪ್ಪಿದರೆ ತಲೆಯೇ ಹೋಗುತ್ತದೆ ಎಂಬ ಹೆದರಿಕೆ ಇರುವಾಗ, ಯಾವನು ತಾನೇ ಹೊಸದನ್ನು ಯೋಚಿಸಿಯಾನು? ಅವರ ಪಾಲಿಗೆ ಉಳಿದ ಒಂದೇ ದೊಡ್ಡ ಕೆಲಸ, ಸ್ತನದ ಕ್ಯಾನ್ಸರ್ ಪೀಡಿತ ಹೆಂಗಸನ್ನು ನಗಿಸುವಂಥ ಒಂದು ಧರ್ಮಾರ್ಥ ಜಾಹೀರಾತು. ನಗು ಮರೆತವರಿಗೆ ನಗಿಸುವ ಕೆಲಸ ಕೊಟ್ಟಿರುವುದರಲ್ಲಿ ಲೇಖಕನ ವ್ಯಂಗ್ಯ ಹದವಾಗಿದೆ.

ಇದು ಕಾದಂಬರಿಕಾರನ ಉತ್ಪ್ರೇಕ್ಷೆ ಎನ್ನುವಂತಿಲ್ಲ. ದೊಡ್ಡ ತಾಂತ್ರಿಕ ಕಂಪನಿಯೊಂದರಲ್ಲಿ ಸಿಬ್ಬಂದಿ ಕಡಿತ ನಡೆದ ಕಾಲವನ್ನು ಅಭ್ಯಸಿಸಿ ಟೆರೆಸಾ ಅಮಾಬೈಲ್ ಮತ್ತು ರೆಜಿನಾ ಕಾಂಟಿ 1999ರಲ್ಲಿ ಪ್ರಕಟಿಸಿದ ಲೇಖನದ ಸಾರವೂ ಇದೇ: ಕಡಿತದ ದಿನಗಳಲ್ಲಿ ಸೃಜನಶೀಲತೆ ಇಳಿಯಿತು, ಅದು ಮುಗಿದ ಮೇಲೆ ಸ್ವಲ್ಪಮಟ್ಟಿಗೆ ಮಾತ್ರ ಚೇತರಿಸಿತು. ಬೋಯಿಂಗ್ ವಿಮಾನ ಕಂಪನಿಯ ನೌಕರರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿ ಬರೆದ ‘ಟರ್ಬ್ಯುಲೆನ್ಸ್’ (2010) ಎಂಬ ಗ್ರಂಥ ಇನ್ನೂ ವಿಚಿತ್ರವಾದ ಸಂಗತಿಯನ್ನು ಹೇಳುತ್ತದೆ. ಒಟ್ಟಿನಲ್ಲಿ ನೋಡಿದರೆ ಕಂಪನಿ ಬಿಟ್ಟು ಹೋದವರ ಮನಃಸ್ಥಿತಿ ಉಳಿದವರಿಗಿಂತ ಉತ್ತಮವಾಗಿತ್ತು. ಹೋದವನಿಗೆ ಪೆಟ್ಟು ಬಿದ್ದು ಮುಗಿಯಿತು. ಉಳಿದವನು ಬೀಳದ ಪೆಟ್ಟಿಗೆ ದಿನವೂ ಬೆನ್ನು ಬಾಗಿಸಿ ಕೂರಬೇಕು. ಕಡಿತ ಒಂದೇ ಸಲ ಆದರೆ ಅದು ಸಾವಿನ ಮನೆಯ ದುಃಖ, ಸೂತಕ ಕಳೆದರೆ ಬದುಕು ಮುಂದುವರಿಯುತ್ತದೆ. ಮತ್ತೆ ಮತ್ತೆ ಆದರೆ ಸೂತಕವೇ ಕಳೆಯುವುದಿಲ್ಲ.

ನಡುವಿನ ಒಂದು ಅಧ್ಯಾಯದಲ್ಲಿ ಫೆರಿಸ್ ‘ನಾವು’ ಬಿಟ್ಟು ‘ಅವಳು’ ಎನ್ನುತ್ತಾನೆ. ಜನರನ್ನು ಕಳುಹಿಸುವ ಅಧಿಕಾರಿಣಿ ಲಿನ್ ಮೇಸನ್, ತನ್ನದೇ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯನ್ನು ಒಬ್ಬಳೇ ಕಳೆಯುವ ಕಥನ ಅದು. ಅಲ್ಲಿಯವರೆಗೆ ನಾವೂ ನೌಕರರ ಜೊತೆ ಸೇರಿ ಅವಳ ಕಾಯಿಲೆಯ ಬಗ್ಗೆ ಪಿಸುಮಾತನಾಡಿದವರೇ. ಗುಂಪಿನ ಕಣ್ಣಿಗೆ ಗೋಡೆಯಂತೆ ಕಂಡವಳು ಒಬ್ಬ ಹೆದರಿದ ಹೆಂಗಸೆಂದು ತಿಳಿದಾಗ ಓದುಗನಿಗೆ ನಾಚಿಕೆಯಾಗುತ್ತದೆ. ಇಡೀ ಕೃತಿಯಲ್ಲಿ ಇದೇ ಶ್ರೇಷ್ಠವಾದ ಭಾಗವೆಂದು ನನ್ನ ಮತ.

ದೋಷಗಳಿಲ್ಲವೆಂದಲ್ಲ. ಕೆಲಸ ಹೋದ ಟಾಮ್ ಮೋಟ ವಿದೂಷಕನ ವೇಷದಲ್ಲಿ, ಬಣ್ಣದ ಗುಂಡು ಹಾರಿಸುವ ಬಂದೂಕು ಹಿಡಿದು ಕಚೇರಿಗೆ ನುಗ್ಗುವ ಪ್ರಸಂಗ ಸಿನಿಮಾಕ್ಕೆ ಒಪ್ಪುವಂಥದು. ಕಡಿತದ ನಿಜವಾದ ಹಾನಿ ನಿಧಾನವಾದುದು, ಸದ್ದಿಲ್ಲದುದು ಎಂದು ಅಷ್ಟು ಚೆನ್ನಾಗಿ ತೋರಿಸಿದ ಲೇಖಕನೇ ಸದ್ದಿಗೆ ಮರುಳಾದದ್ದು ವಿಷಾದಕರ. ಇನ್ನೊಂದು, ಲಿನ್‌ಳ ಮೇಲಿನವರು, ಅಂದರೆ ಲೆಕ್ಕ ಹಾಕಿ ತಲೆ ಎಣಿಸುವವರು, ಕಾದಂಬರಿಯಲ್ಲಿ ಮುಖ ತೋರಿಸುವುದೇ ಇಲ್ಲ. ಮಳೆಗಾಳಿಯಂತೆ ಕಡಿತವೂ ಎಲ್ಲಿಂದಲೋ ಬರುತ್ತದೆ. ನೌಕರರಿಗೆ ಅದು ಹಾಗೆ ಕಂಡರೆ ಸಹಜ. ಲೇಖಕನಿಗೂ ಹಾಗೆಯೇ ಕಾಣಬೇಕೆ?

ಭಾಷೆಯ ವಿದ್ಯಾರ್ಥಿಗಳಿಗೆ ಕುತೂಹಲಕರವಾದ ಒಂದು ಮಾತು ಉಳಿದಿದೆ. ಇಂಗ್ಲಿಷಿನ ‘ವಿ’ಯಂತೆ ನಮ್ಮ ‘ನಾವು’ ಕೂಡ ಕೇಳುವವನನ್ನು ಒಳಗೆ ಸೇರಿಸಿಕೊಂಡಿದೆಯೋ ಹೊರಗಿಟ್ಟಿದೆಯೋ ಹೇಳುವುದಿಲ್ಲ. ತೆಲುಗಿನಲ್ಲಿ ‘ಮನಮು’ ಎಂದರೆ ನೀನೂ ಸೇರಿ ನಾವು, ‘ಮೇಮು’ ಎಂದರೆ ನಿನ್ನನ್ನು ಬಿಟ್ಟು ನಾವು. ತುಳುವಿನ ‘ನಮ’, ‘ಎಂಕುಲು’ ಕೂಡ ಹೀಗೆಯೇ. ಈ ಕಾದಂಬರಿಯನ್ನು ತುಳುವಿಗೊ ತೆಲುಗಿಗೊ ತರುವವನು ಪುಟಪುಟದಲ್ಲಿಯೂ ಆಯ್ದುಕೊಳ್ಳಬೇಕಾಗುತ್ತದೆ. ಕಚೇರಿ ತುಂಬಿದ್ದಾಗ ‘ನೀನೂ ಸೇರಿ’ ಎಂದಿದ್ದ ಮಾತು, ಒಬ್ಬೊಬ್ಬರು ಹೋದಂತೆ ‘ನಿನ್ನನ್ನು ಬಿಟ್ಟು’ ಎಂದಾಗುತ್ತದೆ. ಕಡಿತಗಳಿಂದ ನಷ್ಟವಾದದ್ದು ಈ ಮೊದಲನೆಯ ‘ನಾವು’. ಅದಿಲ್ಲದೆ ಕೆಲಸವಿಲ್ಲ; ಯಾವ ಲೆಕ್ಕದ ಪುಸ್ತಕದಲ್ಲಿಯೂ ಅದಕ್ಕೆ ಕಾಲಂ ಇಲ್ಲ. ಕೊನೆಯ ವಾಕ್ಯದಲ್ಲಿ ಎಲ್ಲರೂ ಚದುರಿದ ಮೇಲೆ ಫೆರಿಸ್ ಓದುಗನತ್ತ ತಿರುಗಿ, ಉಳಿದವರು ತಾವಿಬ್ಬರೇ ಎಂಬಂತೆ ಅವನನ್ನು ‘ನಾವು’ ಒಳಗೆ ಸೇರಿಸಿಕೊಳ್ಳುತ್ತಾನೆ. ಅಷ್ಟು ಹೊತ್ತು ಹೊರಗೆ ನಿಂತು ನಕ್ಕವನನ್ನು ಹೀಗೆ ಒಳಗೆ ಕರೆದದ್ದು ಕೃತಿಯ ಔದಾರ್ಯ.

ಪುಸ್ತಕ ಬಂದು ವರ್ಷಗಳು ಕಳೆದರೂ ಅದು ಹಳತಾಗಿಲ್ಲ. ಮೆಟಾ ಕಂಪನಿ 2022ರ ನವೆಂಬರಿನಲ್ಲಿ 11,000 ಜನರನ್ನು ಕೈಬಿಟ್ಟು, ನಾಲ್ಕೇ ತಿಂಗಳಲ್ಲಿ, 2023ರ ಮಾರ್ಚಿನಲ್ಲಿ, ಇನ್ನೂ 10,000 ಹುದ್ದೆಗಳ ಕಡಿತವನ್ನು ಸಾರಿತು. ಅಮೆರಿಕದ ಇಂಥ ಕಂಪನಿಗಳಿಗೆ ದುಡಿಯುವ ಮಕ್ಕಳು ಬೆಂಗಳೂರಿನ ಎಷ್ಟೋ ಮನೆಗಳಲ್ಲಿದ್ದಾರೆ. ‘ನಿನ್ನ ಕೆಲಸ ಉಳಿಯಿತಲ್ಲ, ಇನ್ನೇನು?’ ಎಂದು ಕೇಳುವ ತಂದೆತಾಯಿಗಳಿಗೆ, ಮಗ ಏಕೆ ಸುಮ್ಮನೆ ಕುಳಿತಿದ್ದಾನೆ ಎಂಬುದನ್ನು ಈ ಕಾದಂಬರಿ ತಿಳಿಸಿಕೊಡಬಲ್ಲದು. ಕನ್ನಡಕ್ಕೆ ಬರಲು ಯೋಗ್ಯವಾದ ಕೃತಿ.