ಗಾಜಿನ ಬೋಗುಣಿಯ ಮೀನು ಮತ್ತು ವಾಸ್ತವ

ಸ್ಟೀಫನ್ ಹಾಕಿಂಗ್ ಮತ್ತು ಲಿಯೊನಾರ್ಡ್ ಮ್ಲೊಡಿನೋವ್ ಬರೆದ 'ದ ಗ್ರ್ಯಾಂಡ್ ಡಿಸೈನ್' 2010ರಲ್ಲಿ ಪ್ರಕಟವಾಯಿತು. ವಿಶ್ವ ಏಕೆ ಇದೆ, ಅದರ ನಿಯಮಗಳು ಏಕೆ ಹೀಗಿವೆ ಎಂಬ ಪ್ರಶ್ನೆಗಳನ್ನು ಸಾಮಾನ್ಯ ಓದುಗರ ಮುಂದಿಡುವ ಈ ಪುಸ್ತಕ ಮೊದಲ ಅಧ್ಯಾಯದಲ್ಲೇ ಒಂದು ತೀರ್ಪು ಕೊಡುತ್ತದೆ: ತತ್ತ್ವಶಾಸ್ತ್ರ ಸತ್ತಿದೆ, ಭೌತವಿಜ್ಞಾನದ ಹೊಸ ಬೆಳವಣಿಗೆಗಳ ಜೊತೆ ಹೆಜ್ಜೆ ಹಾಕಲು ಅದಕ್ಕೆ ಆಗಲಿಲ್ಲ. ಈ ತೀರ್ಪು ಸರಿಯೇ? ಉತ್ತರವನ್ನು ಪುಸ್ತಕದ ಒಳಗೇ ಹುಡುಕೋಣ.

ವಾಸ್ತವ ಎಂದರೇನು ಎಂಬ ಅಧ್ಯಾಯ ಒಂದು ಸೊಗಸಾದ ಉದಾಹರಣೆಯಿಂದ ಆರಂಭವಾಗುತ್ತದೆ. ದುಂಡನೆಯ ಗಾಜಿನ ಬೋಗುಣಿಯಲ್ಲಿ ಹೊಂಬಣ್ಣದ ಮೀನು ಸಾಕುವುದನ್ನು ಇಟಲಿಯ ಮೊಂಜಾ ನಗರಸಭೆ ನಿಷೇಧಿಸಿತು. ಬಾಗಿದ ಗಾಜಿನ ಮೂಲಕ ಮೀನಿಗೆ ಹೊರಜಗತ್ತು ವಕ್ರವಾಗಿ ಕಾಣುತ್ತದೆ, ಅದು ಕ್ರೌರ್ಯ ಎಂಬುದು ಕಾರಣ. ಆದರೆ ನಾವು ಕಾಣುವ ಜಗತ್ತು ವಕ್ರವಲ್ಲ ಎಂಬ ಖಾತರಿ ಏನು ಎಂದು ಲೇಖಕರು ಕೇಳುತ್ತಾರೆ. ನಮಗೆ ಸರಳರೇಖೆಯಲ್ಲಿ ಕಾಣುವ ಚಲನೆ ಮೀನಿಗೆ ಬಾಗಿದಂತೆ ಕಂಡರೂ ಆ ಮೀನು ತನ್ನದೇ ನಿಯಮಗಳನ್ನು ರೂಪಿಸಿ ಸರಿಯಾದ ಮುನ್ಸೂಚನೆ ಕೊಡಬಲ್ಲದು. ಆದ್ದರಿಂದ ಮಾದರಿಯನ್ನು ಬಿಟ್ಟು ಬೇರೆ ವಾಸ್ತವದ ಮಾತಿಗೆ ಅರ್ಥವಿಲ್ಲ. ವೀಕ್ಷಣೆಗೆ ಹೊಂದುವ ಎರಡು ಮಾದರಿಗಳಿದ್ದರೆ ಎರಡೂ ಸಮಾನ. ಇದನ್ನು ಅವರು ಮಾದರಿ-ಅವಲಂಬಿತ ವಾಸ್ತವವಾದ ಎನ್ನುತ್ತಾರೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಈ ವಾದವನ್ನು ಯಾವ ದೂರದರ್ಶಕ ತೋರಿಸಿಕೊಟ್ಟಿತು? ಯಾವ ಸಮೀಕರಣದಿಂದ ಅದು ಹೊರಬಂತು? ಯಾವುದರಿಂದಲೂ ಅಲ್ಲ. ಇದು ಅಪ್ಪಟ ತತ್ತ್ವಶಾಸ್ತ್ರ. ಸತ್ತಿದೆ ಎಂದು ಸಾರಿದ್ದನ್ನೇ ಲೇಖಕರು ಎರಡು ಅಧ್ಯಾಯಗಳ ನಂತರ ಕೆಲಸಕ್ಕೆ ಹಚ್ಚಿದ್ದಾರೆ. ಅದನ್ನು ಗುರುತಿಸದ ಕಾರಣ ಪರೀಕ್ಷಿಸಿಯೂ ಇಲ್ಲ.

ಪರೀಕ್ಷಿಸಿದರೆ ಏನಾಗುತ್ತದೆ? ಟಾಲೆಮಿಯ ಭೂಕೇಂದ್ರ ಚಿತ್ರ, ಕೊಪರ್ನಿಕಸನ ಸೂರ್ಯಕೇಂದ್ರ ಚಿತ್ರ ಎರಡನ್ನೂ ಬಳಸಬಹುದು, ಎರಡನೆಯದು ಹೆಚ್ಚು ಸರಳ ಅಷ್ಟೆ ಎನ್ನುತ್ತದೆ ಪುಸ್ತಕ. ಲೆಕ್ಕಕ್ಕಾಗಿ ಭೂಮಿಯನ್ನು ಸ್ಥಿರವೆಂದು ಇಟ್ಟುಕೊಳ್ಳಬಹುದು, ನಿಜ. ಆದರೆ ಟಾಲೆಮಿಯ ವ್ಯವಸ್ಥೆಯಲ್ಲಿ ಶುಕ್ರ ಯಾವಾಗಲೂ ಭೂಮಿ ಮತ್ತು ಸೂರ್ಯರ ನಡುವೆಯೇ ಇರುತ್ತದೆ. ಅದು ಹುಣ್ಣಿಮೆಯ ಚಂದ್ರನಂತೆ ಎಂದೂ ಕಾಣಲಾರದು. 1610ರ ಕೊನೆಯಲ್ಲಿ ಗೆಲಿಲಿಯೊ ಶುಕ್ರನ ಎಲ್ಲ ಕಲೆಗಳನ್ನೂ ಕಂಡ. ಹೀಗೆ ಒಂದು ಮಾದರಿ ಸೋತಿತು. ಸೋಲಿಸಿದ್ದು ಮಾದರಿಯ ಹೊರಗಿರುವ ಏನೋ ಒಂದು.

ಪರಮಾಣುಗಳ ಕಥೆಯೂ ಹೀಗೆಯೇ. ಅವು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆ ಮಾತ್ರ ಎಂದು ಅರ್ನ್ಸ್ಟ್ ಮಾಖ್ ವಾದಿಸಿದ್ದ. ಬ್ರೌನಿಯನ್ ಚಲನೆಗೆ 1905ರಲ್ಲಿ ಐನ್‌ಸ್ಟೈನ್ ವಿವರಣೆ ಕೊಟ್ಟ. ಜಾನ್ ಪೆರಿನ್ ಪ್ರಯೋಗ ಮಾಡಿ ಅವೊಗಾಡ್ರೊ ಸಂಖ್ಯೆಯನ್ನು ಅಳೆದ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ವಿಧಾನಗಳು ಸರಿಸುಮಾರು ಒಂದೇ ಸಂಖ್ಯೆ ಕೊಟ್ಟವು. ಪರಮಾಣು ಬರೀ ಕಲ್ಪನೆಯಾಗಿದ್ದರೆ ಈ ಹೊಂದಾಣಿಕೆ ಎಲ್ಲಿಂದ ಬರಬೇಕು?

ತತ್ತ್ವಪ್ರಶ್ನೆ ಭೌತವಿಜ್ಞಾನವನ್ನು ಬೆಳೆಸಿದ ನಿದರ್ಶನ ಇನ್ನೂ ಸ್ಪಷ್ಟ. ಅಳೆಯುವ ಮೊದಲೇ ಕಣಕ್ಕೆ ನಿಶ್ಚಿತ ಗುಣಗಳಿವೆಯೇ ಎಂದು 1935ರಲ್ಲಿ ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸೆನ್ ಎತ್ತಿದ ಪ್ರಶ್ನೆಯನ್ನು ಅನೇಕರು ವ್ಯರ್ಥ ಚರ್ಚೆ ಎಂದು ಬದಿಗಿಟ್ಟರು. ಜಾನ್ ಬೆಲ್ ಬಿಡಲಿಲ್ಲ. ಕಣಗಳು ಉತ್ತರಗಳನ್ನು ಮೊದಲೇ ಹೊತ್ತು ಬರುತ್ತಿದ್ದು, ದೂರದ ಅಳತೆ ಅವನ್ನು ತಟ್ಟದಿದ್ದರೆ, ಜೋಡಿ ಕಣಗಳ ಫಲಿತಾಂಶಗಳ ಹೊಂದಾಣಿಕೆಗೆ ಒಂದು ಮಿತಿ ಇರಬೇಕೆಂದು 1964ರಲ್ಲಿ ತೋರಿಸಿದ. ಈಗ ರೂಢಿಯಲ್ಲಿರುವ ಒಂದು ರೂಪದಲ್ಲಿ ಆ ಮಿತಿ 2. ಕ್ವಾಂಟಮ್ ಸಿದ್ಧಾಂತ ಸುಮಾರು 2.83ರ ತನಕ ಹೋಗಬಹುದೆನ್ನುತ್ತದೆ. 1972ರಿಂದ ನಡೆದ ಪ್ರಯೋಗಗಳು ಬೆಲ್ ಹಾಕಿದ ಮಿತಿ ಮೀರುವುದನ್ನು ತೋರಿಸಿದವು. ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಆದರೂ 'ವಾಸ್ತವವೇ ಇಲ್ಲ' ಎಂದು ಇದರಿಂದ ಸಿದ್ಧವಾಗುವುದಿಲ್ಲ. 1952ರ ಬೋಮ್ ಸಿದ್ಧಾಂತದಲ್ಲಿ ಕಣಗಳಿಗೆ ನಿಶ್ಚಿತ ಸ್ಥಾನಗಳಿವೆ. ಅದಕ್ಕೆ ತೆರಬೇಕಾದ ಬೆಲೆ, ದೂರದ ಪ್ರಭಾವವನ್ನು ಒಪ್ಪುವುದು. ಪ್ರಯೋಗ ಏನನ್ನು ತಳ್ಳಿಹಾಕಿತು, ಏನನ್ನು ಉಳಿಸಿತು ಎಂದು ಬಿಡಿಸಿ ಹೇಳಲು ತತ್ತ್ವವಿಚಾರ ಬೇಕೇ ಬೇಕು.

ಹಾಕಿಂಗರ ಅಸಮಾಧಾನದಲ್ಲಿ ಹುರುಳಿಲ್ಲವೆಂದಲ್ಲ. ನಾವು ಅನುಭವಿಸುವ ಅವಕಾಶ ಯೂಕ್ಲಿಡನ ಜ್ಯಾಮಿತಿಯನ್ನೇ ಪಾಲಿಸಬೇಕೆಂದು ಕಾಂಟ್ ಭಾವಿಸಿದ್ದ. 1915ರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಬೇರೆಯೇ ಹೇಳಿತು. ಪ್ರಯೋಗಕ್ಕೆ ಬೆನ್ನು ಹಾಕಿದ ತತ್ತ್ವಶಾಸ್ತ್ರ ಹೀಗೆ ಮುಗ್ಗರಿಸುತ್ತದೆ. ಕ್ವಾಂಟಮ್ ಸಿದ್ಧಾಂತವೆಲ್ಲ ವೇದಾಂತದಲ್ಲೇ ಇದೆ ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಕೇಳುತ್ತದಲ್ಲ, ಅದೂ ಇದೇ ಬಗೆಯದು. ಶ್ರೋಡಿಂಗರ್ ವೇದಾಂತವನ್ನು ಆಸಕ್ತಿಯಿಂದ ಓದಿದ್ದು ನಿಜ. ಆದರೆ 1926ರ ಆತನ ಸಮೀಕರಣ ಮಾನ್ಯವಾದದ್ದು ಹೈಡ್ರೊಜನ್ ಪರಮಾಣುವಿನ ಶಕ್ತಿಮಟ್ಟಗಳನ್ನು ಸರಿಯಾಗಿ ಕೊಟ್ಟದ್ದರಿಂದ.

'ದ ಗ್ರ್ಯಾಂಡ್ ಡಿಸೈನ್' ಓದಬೇಕಾದ ಪುಸ್ತಕವೇ. ಆದರೆ ಅದು ಅಂತಿಮ ಸಿದ್ಧಾಂತವೆಂದು ಭರವಸೆಯಿಟ್ಟ ಎಂ-ಸಿದ್ಧಾಂತಕ್ಕೆ ಇಂದಿಗೂ ಪ್ರಯೋಗದ ಆಧಾರ ದೊರೆತಿಲ್ಲ. ಹಾಗಿದ್ದೂ ಅದನ್ನು ನಂಬಬಹುದೇ ಎಂಬುದು ಮತ್ತೆ ತತ್ತ್ವಪ್ರಶ್ನೆಯೇ. ನೀವು ಅಧ್ಯಾಪಕರಾಗಿದ್ದರೆ, ನಾಳೆ ಒಬ್ಬ ವಿದ್ಯಾರ್ಥಿ "ಎಲೆಕ್ಟ್ರಾನ್ ನಿಜವಾಗಿಯೂ ಇದೆಯೇ ಸಾರ್?" ಎಂದು ಕೇಳಿದರೆ, ಪರೀಕ್ಷೆಗೆ ಬರುವುದಿಲ್ಲ ಎಂದು ಕೂರಿಸಬೇಡಿ. ಬೆಲ್ ಮಾಡಿದ್ದೂ ಇಂಥ ಪ್ರಶ್ನೆಯನ್ನು ಬಿಡದೆ ಹಿಡಿದದ್ದೇ.