ಬಾಟಲಿಯ ಮದ್ದೂ ಮಗ್ಗದ ಪ್ರಶ್ನೆಯೂ

ಉಪದೇಶವು ಮೂರು ಬಗೆಯದೆಂದು ಆಲಂಕಾರಿಕರು ಹೇಳಿರುವರು. ಅರಸನು ಆಜ್ಞಾಪಿಸುವಂತೆ ಹೇಳುವದು ಪ್ರಭುಸಮ್ಮಿತವು. ಗೆಳೆಯನು ತಿಳಿಹೇಳುವಂತೆ ಹೇಳುವದು ಮಿತ್ರಸಮ್ಮಿತವು. ಪ್ರಿಯೆಯು ಮನವೊಲಿಸಿ ಹೇಳುವಂತೆ ಹೇಳುವದು ಕಾಂತಾಸಮ್ಮಿತವು. ಕಾವ್ಯದ ಉಪದೇಶವು ಮೂರನೆಯ ಬಗೆಯದೆಂದು ಮಮ್ಮಟನ ಮತವು. ಆತನ ಕಾಲಕ್ಕೆ ಚಿತ್ರಪಟಗಳು ಇರಲಿಲ್ಲ. ಇದ್ದಿದ್ದರೆ ನಾಲ್ಕನೆಯ ಬಗೆಯೊಂದನ್ನೂ ಆತನು ಎಣಿಸಬೇಕಾಗುತ್ತಿತ್ತು. ಸಂತೆಯ ಮಾರಾಟಗಾರನು ನಾಲ್ಕು ಮಂದಿಯನ್ನು ನಗಿಸಿ, ನಗುವಿನ ಭರದಲ್ಲಿ ಸರಕನ್ನು ಕೈಗಿಡುವಂಥ ಉಪದೇಶವೇ ಅದು.

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದು, ಅಮೇರಿಕೆಗೂ ರಶಿಯಕ್ಕೂ ಶೀತಲ ಸಮರವು ಮೊದಲಾದ ಕಾಲದಲ್ಲಿ ಇಂಥ ಉಪದೇಶದ ಚಿತ್ರಪಟಗಳ ಮಾಲೆಯೊಂದು ಅಮೇರಿಕೆಯಲ್ಲಿ ಹುಟ್ಟಿತು. ಆರ್ಕನ್ಸಾ ಪ್ರಾಂತದ ಹಾರ್ಡಿಂಗ್ ಕಾಲೇಜು ಇವನ್ನು ಮಾಡಿಸಿತು. ಜಾನ್ ಸದರ್‌ಲ್ಯಾಂಡನ ಚಿತ್ರಶಾಲೆಯು ರಚಿಸಿಕೊಟ್ಟಿತು. ಹಣವು ಆಲ್‌ಫ್ರೆಡ್ ಸ್ಲೋನನ ಪ್ರತಿಷ್ಠಾನದಿಂದ ಬಂದಿತು. ಈ ಸ್ಲೋನನು ಆಗ ಜನರಲ್ ಮೋಟರ್ಸ್ ಎಂಬ ಮೋಟಾರು ಕಂಪನಿಯ ಆಡಳಿತ ಮಂಡಲದ ಅಧ್ಯಕ್ಷನಾಗಿದ್ದನು. 1948ರ ‘ಮೇಕ್ ಮೈನ್ ಫ್ರೀಡಮ್’, 1949ರ ‘ಮೀಟ್ ಕಿಂಗ್ ಜೋ’, 1950ರ ‘ಆಲ್ಬರ್ಟ್ ಇನ್ ಬ್ಲಂಡರ್‌ಲ್ಯಾಂಡ್’, 1951ರ ‘ಫ್ರೆಶ್ ಲೇಡ್ ಪ್ಲ್ಯಾನ್ಸ್’ ಇವು ಆ ಮಾಲೆಯ ಮುಖ್ಯ ಚಿತ್ರಗಳು. ಒಂದೊಂದೂ ಸುಮಾರು ಹತ್ತು ನಿಮಿಷದ, ಬಣ್ಣದ, ಚಲಿಸುವ ವ್ಯಂಗ್ಯಚಿತ್ರವು. ಬಂಡವಾಳದ ವ್ಯವಸ್ಥೆಯೂ ವ್ಯಕ್ತಿಯ ಸ್ವಾತಂತ್ರ್ಯವೂ ಒಂದೇ ಬೇರಿನ ಎರಡು ಕೊಂಬೆಗಳು, ಸಮಷ್ಟಿವಾದವು ಆ ಬೇರಿಗೇ ಕೊಡಲಿ ಎಂಬುದೇ ಇವುಗಳ ಒಟ್ಟು ಅಭಿಪ್ರಾಯವು.

ಅಮೇರಿಕೆಯ ಈ ಹಳೆಯ ಚಿತ್ರಗಳಿಗೂ ರಬಕವಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಇಲ್ಲದಿಲ್ಲ. ಇಂದು ಅವು ಅಂತರ್ಜಾಲದ ಮೂಲಕ ಯಾರ ಮನೆಯ ಫೋನಿನ ಮೇಲಾದರೂ ಮೂಡಬಲ್ಲವು. ಅದಕ್ಕಿಂತ ಮಿಗಿಲಾದುದು, ಅವು ಎತ್ತುವ ಪ್ರಶ್ನೆಯು ಈ ಊರಿನದೇ ಆಗಿರುವದು. ರಬಕವಿ-ಬನಹಟ್ಟಿಗಳು ಪಟವರ್ಧನರ ಸಂಸ್ಥಾನಗಳ ಕಾಲದಿಂದಲೂ ನೇಯ್ಗೆಯ ಊರುಗಳು. ಬಂಡವಾಳ, ಮಜೂರಿ, ಸ್ವಾತಂತ್ರ್ಯ ಎಂಬ ಶಬ್ದಗಳು ಇಲ್ಲಿಯ ಮನೆಗಳಲ್ಲಿ ಬರಿಯ ಪುಸ್ತಕದ ಶಬ್ದಗಳಲ್ಲ. ನೂಲು ಯಾರದು, ಮಗ್ಗ ಯಾರದು, ನೇಯ್ದ ಸೀರೆ ಯಾರದು ಎಂಬ ಮೂರು ಪ್ರಶ್ನೆಗಳ ಉತ್ತರದ ಮೇಲೆಯೇ ಒಂದೊಂದು ಮನೆತನದ ಬಾಳು ನಿಂತಿರುವದು. ಆ ಮೂರು ಪ್ರಶ್ನೆಗಳನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಈ ಚಿತ್ರಗಳನ್ನು ತಿಕ್ಕಿ ನೋಡುವದು ಉಚಿತವಾಗಿದೆ.

ಮಾಲೆಯ ಮೊದಲ ಚಿತ್ರವೇ ಎಲ್ಲವುಗಳಲ್ಲಿ ಉತ್ತಮವಾದುದು. ಕಾರಖಾನೆಯ ಮಜೂರ, ಕಾರಖಾನೆಯ ಒಡೆಯ, ರೈತ, ರಾಜಕಾರಣಿ ಈ ನಾಲ್ವರೂ ಜಗಳಾಡುತ್ತಿರುವಾಗ ಡಾಕ್ಟರ ಯುಟೋಪಿಯ ಎಂಬ ಮದ್ದುಮಾರುವವನು ಬರುವನು. ಆತನ ಬಾಟಲಿಗಳಲ್ಲಿ ‘ಇಸಂ’ ಎಂಬ ಸರ್ವರೋಗಹರವಾದ ಮದ್ದು ಇರುವದು. ಬೆಲೆ ಏನೂ ಇಲ್ಲ. ಒಂದು ಕರಾರುಪತ್ರಕ್ಕೆ ರುಜು ಹಾಕಿದರೆ ಸಾಕು. ಆ ಪತ್ರದಲ್ಲಿ, ತನ್ನ ಮತ್ತು ತನ್ನ ಮಕ್ಕಳ ಮೊಮ್ಮಕ್ಕಳ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಎಂದೆಂದಿಗೂ ಪೋಷಣೆಯನ್ನು ಪಡೆಯುವ ಒಪ್ಪಂದವಿರುವದು. ನಾಲ್ವರೂ ಲೇಖಣಿಯನ್ನು ಎತ್ತುವಷ್ಟರಲ್ಲಿ, ಸಾಮಾನ್ಯ ಪ್ರಜೆಯ ಪ್ರತಿನಿಧಿಯಾದ ಮುದುಕನೊಬ್ಬನು ತಡೆದು, ಮೊದಲು ರುಚಿ ನೋಡಿರಿ ಎನ್ನುವನು. ಗುಟುಕು ಕುಡಿದೊಡನೆ ಕನಸು ಕಾಣುವದು. ಮಜೂರನಿಗೆ ಮುಷ್ಕರದ ಹಕ್ಕು ಇಲ್ಲ. ಒಡೆಯನ ಆಸ್ತಿಯು ರಾಜ್ಯದ ಪಾಲು. ರೈತನು ತನ್ನ ಹೊಲದಲ್ಲಿ ತಾನೇ ಆಳು. ರಾಜಕಾರಣಿಯು ಹೇಳಿಸಿದ್ದನ್ನು ಹೇಳುವ ಯಂತ್ರವು. ಎಚ್ಚೆತ್ತವರು ಬಾಟಲಿಗಳನ್ನು ಎಸೆದು ಡಾಕ್ಟರನನ್ನು ಓಡಿಸುವರು.

ಈ ಕಥೆಯಲ್ಲಿ ಸತ್ಯವಿಲ್ಲವೆಂದು ಯಾರೂ ಹೇಳಲಾಗದು. ರಶಿಯದಲ್ಲಿ ರೈತರನ್ನು ಬಲಾತ್ಕಾರದಿಂದ ಸಾಮೂಹಿಕ ಹೊಲಗಳಿಗೆ ಸೇರಿಸಿದ ಬಳಿಕ 1932-33ರಲ್ಲಿ ಬಿದ್ದ ಬರಕ್ಕೆ ಉಕ್ರೇನ ಮೊದಲಾದ ಸೀಮೆಗಳಲ್ಲಿ ಲಕ್ಷಾಂತರ ಜನರು ಬಲಿಯಾದರು. ಆ ರಾಜ್ಯವ್ಯವಸ್ಥೆಯು ತಾನೂ 1991ರಲ್ಲಿ ಕುಸಿಯಿತು. ಓದದೆ ರುಜು ಹಾಕಬೇಡ, ಮಕ್ಕಳ ಹಕ್ಕನ್ನು ನಿನ್ನ ಹಸಿವೆಗಾಗಿ ಮಾರಬೇಡ ಎಂಬ ಬುದ್ಧಿವಾದವು ಎಲ್ಲ ದೇಶಕ್ಕೂ ಸಲ್ಲುವದು. ಇಷ್ಟನ್ನು ಹತ್ತು ನಿಮಿಷದಲ್ಲಿ, ಕೂಸಿಗೂ ತಿಳಿಯುವಂತೆ, ನಗೆಯೊಡನೆ ಹೇಳಿದ್ದು ಸಣ್ಣ ಸಾಮರ್ಥ್ಯವಲ್ಲ. ಕರಾರುಪತ್ರದ ಕಲ್ಪನೆಯಂತೂ ನಿಜವಾದ ಪ್ರತಿಭೆಯದು. ದಾಸ್ಯವು ಸಂಕೋಲೆಯ ರೂಪದಿಂದಲ್ಲ, ಉಪಕಾರದ ರೂಪದಿಂದ ಬರುವದೆಂಬ ಮಾತನ್ನು ಅದು ಕಣ್ಣಿಗೆ ಕಟ್ಟಿ ತೋರಿಸುವದು.

ಆದರೆ ಆ ಕರಾರುಪತ್ರವನ್ನು ರಬಕವಿಯ ನೇಕಾರನ ಕೈಗೆ ಕೊಟ್ಟು ನೋಡಬೇಕು. ಸಾಹುಕಾರನಿಂದ ನೂಲನ್ನು ತಂದು, ನೇಯ್ದ ಸೀರೆಯನ್ನು ಅವನಿಗೇ ಮುಟ್ಟಿಸಿ, ಮಜೂರಿಯನ್ನಷ್ಟೇ ಪಡೆದು ಬಾಳುವ ನೇಕಾರನಿಗೆ ಇಂಥ ಪತ್ರವು ಅಪರಿಚಿತವಲ್ಲ. ಮದುವೆಗೋ ಜಡ್ಡಿಗೋ ತೆಗೆದುಕೊಂಡ ಮುಂಗಡವು ತೀರುವ ವರೆಗೆ ಆತನು ಬೇರೆಯವರ ನೂಲನ್ನು ಮುಟ್ಟುವಂತಿಲ್ಲ. ತಂದೆಯ ಲೆಕ್ಕವು ಮಗನ ಹೆಸರಿಗೆ ಇಳಿಯುವದೂ ಉಂಟು. ಆತನ ಸ್ವಾತಂತ್ರ್ಯವನ್ನು ಒತ್ತೆಯಿಟ್ಟುಕೊಂಡವರು ಯಾವ ‘ಇಸಂ’ನ ಪ್ರಚಾರಕರೂ ಅಲ್ಲ. ಚಿತ್ರದಲ್ಲಿ ಬಂಡವಾಳದ ಮಹಿಮೆಯನ್ನು ತಿಳಿಸಲು ಜೋ ಡೋಕ್ಸ್ ಎಂಬವನ ಉಪಕಥೆಯು ಬರುವದು. ಆತನು ಕುದುರೆಯಿಲ್ಲದ ಬಂಡಿಯನ್ನು ಕಲ್ಪಿಸುವನು; ಬಂಧುಗಳೂ ಮಿತ್ರರೂ ಹಣವನ್ನು ಹಾಕುವರು; ಕಾರಖಾನೆಯು ಬೆಳೆಯುವದು. ಮೋಟಾರಿನ ಹಣದಿಂದ ಹುಟ್ಟಿದ ಚಿತ್ರವು ಮೋಟಾರಿನ ಕಥೆಯನ್ನೇ ಹೇಳಿದ್ದು ಸ್ವಾಭಾವಿಕವೇ. ಆದರೆ ಕೈಯಲ್ಲಿ ಹಣವುಳ್ಳ ಬಂಧುಗಳಿಲ್ಲದ ಜೋ ಏನು ಮಾಡಬೇಕು? ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಿರುವದು ದೋಷವಲ್ಲ, ಪ್ರಶ್ನೆಯೇ ಏಳದಂತೆ ಕಥೆಯನ್ನು ಕಟ್ಟಿದ್ದು ದೋಷವು.

ಆ ಪ್ರಶ್ನೆಗೆ ಕನ್ನಡ ನಾಡು ಚಿತ್ರಕ್ಕಿಂತ ನಾಲ್ಕು ದಶಕಗಳಷ್ಟು ಮೊದಲೇ ಒಂದು ಉತ್ತರವನ್ನು ಕೊಟ್ಟಿತ್ತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಹಿಂದುಸ್ಥಾನದಲ್ಲಿ ಆ ಬಗೆಯ ಸಂಘಗಳಲ್ಲಿ ಅದೇ ಮೊದಲನೆಯದು. ಅಲ್ಲಿ ಯಾರ ಹೊಲವನ್ನೂ ಯಾರೂ ಕಸಿದುಕೊಳ್ಳಲಿಲ್ಲ. ಸೇರಿದವರು ತಾವಾಗಿ ಸೇರಿದರು. ಸಾಲದ ಬಾಧೆಯನ್ನು ಕೂಡಿ ಎದುರಿಸಿದರು. ಮುಂದೆ ನೇಕಾರರಲ್ಲಿಯೂ ಇಂಥ ಸಂಘಗಳು ಹುಟ್ಟಿದವು. ಇದು ಬಂಡವಾಳವೋ ಸಮಷ್ಟಿಯೋ? ಸದರ್‌ಲ್ಯಾಂಡನ ಚಿತ್ರದಲ್ಲಿ ಇದಕ್ಕೆ ಬಾಟಲಿಯೂ ಇಲ್ಲ, ಪದಕವೂ ಇಲ್ಲ. ಸಹಕಾರಿ ಸಂಘಗಳೆಲ್ಲ ನಿರ್ದೋಷವಾದವೆಂದು ಇದರ ಅರ್ಥವಲ್ಲ. ನಾಲ್ಕೇ ಜನರ ಕೈಗೆ ಸಿಕ್ಕ ಸಂಘವು ಸಾಹುಕಾರನ ಮನೆಯ ಇನ್ನೊಂದು ಬಾಗಿಲಾಗುವದು. ಆದರೆ ದಾರಿಗಳು ಎರಡೇ ಎಂದು ಸಾಧಿಸುವ ಚಿತ್ರವು, ಮೂರನೆಯದೊಂದು ಉಂಟೆಂಬ ತಿಳುವಳಿಕೆಯನ್ನೇ ಪ್ರೇಕ್ಷಕನಿಂದ ಮರೆಮಾಡುವದು. ‘ಫ್ರೆಶ್ ಲೇಡ್ ಪ್ಲ್ಯಾನ್ಸ್’ ಚಿತ್ರದ ಪಂಡಿತ ಗೂಗೆಯೂ ಇಂಥದೇ. ಯೋಜನೆ ಎಂದರೆ ಮೂರ್ಖತನ ಎಂಬುದನ್ನು ಅದು ನಗಿಸಿ ಒಪ್ಪಿಸುವದು. ಉದ್ಯಮಶೀಲತೆಯ ಪರಮ ಪಕ್ಷಪಾತಿಗಳಾದ ಸರ್ ಎಂ. ವಿಶ್ವೇಶ್ವರಯ್ಯನವರೇ 1934ರಲ್ಲಿ ಹಿಂದುಸ್ಥಾನಕ್ಕೆ ಯೋಜಿತ ಅರ್ಥವ್ಯವಸ್ಥೆಯು ಬೇಕೆಂದು ಗ್ರಂಥವನ್ನು ಬರೆದರೆಂಬುದನ್ನು ನೆನೆದರೆ, ಆ ನಗೆಯು ಎಷ್ಟು ಅಗ್ಗದ್ದೆಂಬುದು ಹೊಳೆಯುವದು.

ಇನ್ನೊಂದು ಚಿತ್ರದ ಇತಿಹಾಸವು ಇದಕ್ಕಿಂತ ಬೋಧಪ್ರದವಾಗಿದೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ಲನ ‘ಆ್ಯನಿಮಲ್ ಫಾರ್ಮ್’ ಕಥೆಯು 1954ರಲ್ಲಿ ಲಂಡನ್ನಿನ ಹಾಲಸ್ ಮತ್ತು ಬ್ಯಾಚೆಲರ್ ಅವರಿಂದ ಚಿತ್ರಪಟವಾಯಿತು. ಪುಸ್ತಕದ ಕೊನೆಯಲ್ಲಿ ಆಳುವ ಹಂದಿಗಳ ಮುಖಕ್ಕೂ ಹಿಂದೆ ಆಳಿದ ಮನುಷ್ಯರ ಮುಖಕ್ಕೂ ಭೇದವೇ ಉಳಿಯುವದಿಲ್ಲ. ಆ ಕಟುಸತ್ಯವು ಎರಡೂ ಪಕ್ಷಗಳಿಗೆ ನಾಟುವಂಥದು. ಚಿತ್ರದಲ್ಲಿ ಆ ಕೊನೆಯನ್ನು ತೆಗೆದು, ಪ್ರಾಣಿಗಳು ಹಂದಿಗಳ ಮೇಲೆ ದಂಗೆಯೇಳುವಂತೆ ತಿದ್ದಲಾಯಿತು. ಚಿತ್ರದ ಹಣವು ಅಮೇರಿಕೆಯ ಗುಪ್ತಚರ ಸಂಸ್ಥೆಯಿಂದ ಮರೆಯಲ್ಲಿ ಬಂದಿತ್ತೆಂಬುದು ಅನೇಕ ವರ್ಷಗಳ ತರುವಾಯ ಬೆಳಕಿಗೆ ಬಂದಿತು. ಸ್ವಾತಂತ್ರ್ಯವನ್ನು ಹೊಗಳುವ ಚಿತ್ರವು ತನ್ನ ದಣಿಯ ಹೆಸರನ್ನು ಬಚ್ಚಿಡುವದಕ್ಕಿಂತ ದೊಡ್ಡ ವಿಪರ್ಯಾಸವು ಬೇರೊಂದಿಲ್ಲ. ಕರಾರುಪತ್ರವನ್ನು ಓದಿ ರುಜು ಹಾಕೆಂದು ಬೋಧಿಸಿದವರ ಪಕ್ಷವೇ, ತನ್ನ ಕರಾರನ್ನು ಪ್ರೇಕ್ಷಕನಿಗೆ ಓದಗೊಡಲಿಲ್ಲ.

ಸ್ವಂತ ಆಸ್ತಿಯ ಹಂಬಲದಲ್ಲಿ ಮನುಷ್ಯತ್ವದ ಎಂಥ ಗೌರವವು ಅಡಗಿದೆ ಎಂಬುದನ್ನು ನಿಜವಾಗಿ ಕಾಣಬೇಕಾದವರು ಅಮೇರಿಕೆಗೆ ಹೋಗಬೇಕಾಗಿಲ್ಲ. ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು 1975ರಲ್ಲಿ ತೆಗೆದ ‘ಚೋಮನ ದುಡಿ’ಯನ್ನು ನೋಡಿದರೆ ಸಾಕು. ಚೋಮನು ಸಮಷ್ಟಿಯನ್ನು ಬೇಡುವವನಲ್ಲ. ತನ್ನ ಎತ್ತುಗಳಿಂದ ತಾನೇ ಉಳುವ ತುಂಡು ಹೊಲವನ್ನು ಬೇಡುವವನು. ಆ ಹೊಲವನ್ನು ಆತನಿಗೆ ತಪ್ಪಿಸಿದ್ದು ರಾಜ್ಯದ ಯೋಜನೆಯಲ್ಲ, ಜಾತಿಯ ಕಟ್ಟಳೆಯೂ ತೀರದ ಸಾಲವೂ. ವಾಸುದೇವರಾಯರ ಚೋಮನು ಯಾವ ಉಪದೇಶವನ್ನೂ ಮಾಡುವದಿಲ್ಲ, ದುಡಿಯನ್ನು ಬಾರಿಸುವನು. ಆದರೂ ಸ್ವಂತದ್ದೆಂಬುದರ ಬೆಲೆಯು ಆ ಸದ್ದಿನಲ್ಲಿ ತಿಳಿಯುವಷ್ಟು ಸ್ಲೋನನ ಹಣದ ಚಿತ್ರಗಳೆಲ್ಲ ಕೂಡಿದರೂ ತಿಳಿಯದು. ಸಿದ್ಧಲಿಂಗಯ್ಯನವರ 1972ರ ‘ಬಂಗಾರದ ಮನುಷ್ಯ’ವು ಇನ್ನೊಂದು ಕಡೆಯಿಂದ ಇದೇ ವಿಷಯಕ್ಕೆ ಬರುವದು. ರಾಜಕುಮಾರರ ರಾಜೀವನು ಬರಡು ನೆಲವನ್ನು ಸ್ವಪ್ರಯತ್ನದಿಂದ ಹಸುರು ಮಾಡುವನು. ವ್ಯಕ್ತಿಯ ಸಾಹಸಕ್ಕೆ ಇದಕ್ಕಿಂತ ಮೇಲಾದ ಸ್ತುತಿಯು ಕನ್ನಡ ಚಿತ್ರಪಟದಲ್ಲಿ ವಿರಳವು. ಆದರೆ ಆತನು ದುಡಿಯುವದು ತನಗಾಗಿ ಅಲ್ಲ, ಅಕ್ಕನ ಮನೆತನಕ್ಕಾಗಿ. ಕೊನೆಗೆ ನಿಂದೆಯ ಮಾತನ್ನು ಕೇಳಿ ಗಳಿಸಿದುದೆಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಟುಹೋಗುವನು. ಗಳಿಸುವ ಸ್ವಾತಂತ್ರ್ಯದೊಡನೆ ಬಿಡುವ ಸ್ವಾತಂತ್ರ್ಯವೂ ಒಂದಿದೆಯೆಂಬುದನ್ನು ಕನ್ನಡ ಪ್ರೇಕ್ಷಕನು ಆಗ ಕಂಡನು. ‘ಕಿಂಗ್ ಜೋ’ನ ಲೆಕ್ಕದಲ್ಲಿ ಮೋಟಾರು ಮೊದಲಾದ ಸರಕುಗಳ ಎಣಿಕೆಯುಂಟು, ಈ ಮಾತಿಗೆ ಅಂಕಣವಿಲ್ಲ.

ಹಾಗಾದರೆ ಈ ಹಳೆಯ ಚಿತ್ರಗಳನ್ನು ನೋಡಬಾರದೆ? ಅವಶ್ಯವಾಗಿ ನೋಡಬೇಕು, ಮಕ್ಕಳಿಗೂ ತೋರಿಸಬೇಕು. ಆದರೆ ಬಾಟಲಿಯ ಕಥೆಯನ್ನು ನೋಡಿ ನಕ್ಕ ಮಗನಿಗೆ ತಂದೆಯು, ಈ ಕಥೆಯೂ ಒಂದು ಬಾಟಲಿಯಲ್ಲವೇ ಎಂದು ಕೇಳಬೇಕು. ಬಲಾತ್ಕಾರದ ಸಮಷ್ಟಿಯು ಮನುಷ್ಯನನ್ನು ಕುಗ್ಗಿಸುವದೆಂಬ ಪಾಠವನ್ನು ಅವುಗಳಿಂದ ಕಲಿಯಬಹುದು. ಸಾಧನವಿಲ್ಲದವನ ಸ್ವಾತಂತ್ರ್ಯವು ಬರಿಯ ಹೆಸರೆಂಬ ಪಾಠವನ್ನು ಅವು ಕಲಿಸಲಾರವು. ಅದನ್ನು ಕಲಿಸಲು ಮನೆಯ ಮಗ್ಗವೇ ಸಾಕು. ಹಾಸು ಒಬ್ಬೊಬ್ಬರ ಬಾಳಿನ ಎಳೆಯಾದರೆ ಹೊಕ್ಕು ಅವರನ್ನು ಕೂಡಿಸುವ ಎಳೆಯು. ಒಂದನ್ನು ತೆಗೆದರೆ ಉಳಿಯುವದು ನೂಲು ಮಾತ್ರ, ಬಟ್ಟೆಯಲ್ಲ. ನೂಲು ಯಾರದು, ಮಗ್ಗ ಯಾರದು, ಸೀರೆ ಯಾರದು ಎಂದು ಕೇಳುವ ಧೈರ್ಯವು ನೇಕಾರನಲ್ಲಿ ಉಳಿದಿರುವ ವರೆಗೆ, ಯಾವ ಡಾಕ್ಟರನ ಮದ್ದಾಗಲಿ ಯಾವ ಕಂಪನಿಯ ಚಿತ್ರವಾಗಲಿ ಆತನಿಂದ ಓದದೆ ರುಜು ಹಾಕಿಸಿಕೊಳ್ಳಲಾರದು.