ನಮ್ಮ ದುಡ್ಡನ್ನೇ ಯಾಕೆ ಒತ್ತೆ ಇಡಬೇಕು?

ನಮ್ಮ ಚಿತ್ರದುರ್ಗ ಸೀಮೆಯ ತುರುವನೂರಿನಿಂದ ಹೊರದೇಶಕ್ಕೆ ಹೋಗುವವರು ಈಗ ಅಪರೂಪವಲ್ಲ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ತಾಯಿ ಇದ್ದಾರೆ, ಬೆಂಗಳೂರಿನ ಕಂಪನಿಯಲ್ಲಿರುವ ಮಗನ ಜೊತೆ ಯುರೋಪ್ ನೋಡಿಬರುವ ನಿವೃತ್ತ ಮೇಷ್ಟ್ರು ಇದ್ದಾರೆ. ಹೊರಡುವ ಮುಂಚೆ ಅವರಿಗೆ ನೆಂಟರು, ನೆರೆಯವರು ಹೇಳುವ ಬುದ್ಧಿಮಾತು ಹೆಚ್ಚುಕಮ್ಮಿ ಒಂದೇ: “ಕ್ರೆಡಿಟ್ ಕಾರ್ಡ್ ಏನೂ ಬೇಡ ಕಣಪ್ಪ, ಅದು ಸಾಲ. ಖಾತೆಯಲ್ಲಿ ನಿನ್ನ ದುಡ್ಡೇ ಇದೆಯಲ್ಲ, ಡೆಬಿಟ್ ಕಾರ್ಡ್ ತಗೊಂಡು ಹೋಗು, ನಿಶ್ಚಿಂತೆ.” ಈ ಮಾತಿನ ಹಿಂದಿರುವ ಕಾಳಜಿ ನಿಜವಾದದ್ದು. ಆದರೆ ಪರದೇಶದ ಹೋಟೆಲು ಮತ್ತು ಬಾಡಿಗೆ ಕಾರಿನ ಮಟ್ಟಿಗೆ ಈ ಬುದ್ಧಿಮಾತು ತಪ್ಪು. ಅದನ್ನು ನಂಬಿ ಹೋದವರು ಕೈಯಲ್ಲಿ ದುಡ್ಡಿದ್ದೂ ದುಡ್ಡಿಲ್ಲದವರಂತೆ ಕೌಂಟರಿನ ಮುಂದೆ ನಿಲ್ಲಬೇಕಾಗುತ್ತದೆ.

ಸಾಲದ ಬಗೆಗಿನ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮಳೆ ನಂಬಿ ಈರುಳ್ಳಿ, ಕಡಲೆ ಹಾಕುವ ಸೀಮೆ ಇದು. ಎರಡು ವರ್ಷ ಮಳೆ ಕೈಕೊಟ್ಟರೆ ಕೈಸಾಲದ ಬಡ್ಡಿ ಹೊಲವನ್ನೇ ನುಂಗುವುದನ್ನು ಇಲ್ಲಿನ ಹಿರಿಯರು ಕಣ್ಣಾರೆ ಕಂಡಿದ್ದಾರೆ. ೧೯೩೯ರಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಹೆಂಡ ಇಳಿಸುವ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರು ತುರುವನೂರು. ಮನೆ ಹಾಳುಮಾಡುವುದನ್ನು ಬುಡಕ್ಕೇ ಕೊಡಲಿ ಹಾಕಿ ಕಡಿಯಬೇಕೆಂಬ ಹಟ ಇಲ್ಲಿಗೆ ಹೊಸದೇನಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ ೩.೫ರ ಆಸುಪಾಸು ಇರುತ್ತದೆ, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ ೪೦ ದಾಟುತ್ತದೆ. ಹೆದರಲೇಬೇಕಾದ ಬಡ್ಡಿ ಅದು. ಆದರೆ ಯಾರಿಗೆ ಹತ್ತುತ್ತದೆ? ಬಿಲ್ಲನ್ನು ಗಡುವಿನೊಳಗೆ ಪೂರಾ ಕಟ್ಟದವರಿಗೆ, ಕಾರ್ಡು ತೂರಿಸಿ ಎಟಿಎಂನಿಂದ ನಗದು ತೆಗೆದವರಿಗೆ. ಹೋಟೆಲಿನವರು ಹಿಡಿದಿಟ್ಟುಕೊಳ್ಳುವ ಡಿಪಾಸಿಟ್‌ಗೆ ಬಡ್ಡಿಯೇ ಇಲ್ಲ.

ಡಿಪಾಸಿಟ್ ಹಿಡಿಯುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅರ್ಧ ವಾದ ಮುಗಿದಂತೆ. ನಮ್ಮ ಚಿತ್ರದುರ್ಗದ ಲಾಡ್ಜಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟು ಒಂದಿಷ್ಟು ಅಡ್ವಾನ್ಸ್ ಕಟ್ಟಿದರೆ ಬೀಗದ ಕೈ ಸಿಗುತ್ತದೆ. ಹೊರದೇಶದ ಹೋಟೆಲಿನಲ್ಲಿ ಪಾಸ್‌ಪೋರ್ಟ್ ಜೊತೆ ಕಾರ್ಡನ್ನೂ ಕೇಳುತ್ತಾರೆ. ಬಾಡಿಗೆಯನ್ನು ಮೊದಲೇ ಕಟ್ಟಿದ್ದರೂ ಕೇಳುತ್ತಾರೆ. ಕಾರ್ಡನ್ನು ಯಂತ್ರಕ್ಕೆ ಹಾಕಿ, ಕೋಣೆಯಲ್ಲಿ ಏನಾದರೂ ಒಡೆದರೆ, ಫ್ರಿಜ್ಜಿನಲ್ಲಿಟ್ಟ ತಂಪು ಪಾನೀಯ ಕುಡಿದರೆ ಇರಲಿ ಎಂದು ಒಂದು ಮೊತ್ತವನ್ನು ಬ್ಲಾಕ್ ಮಾಡುತ್ತಾರೆ. ಆ ದುಡ್ಡು ಹೋಟೆಲಿನ ಖಾತೆಗೆ ಹೋಗುವುದಿಲ್ಲ, ನಮ್ಮ ಕೈಗೂ ಸಿಗುವುದಿಲ್ಲ, ನಡುವೆ ನಿಲ್ಲುತ್ತದೆ. ಕೋಣೆ ಖಾಲಿ ಮಾಡಿದ ಮೇಲೆ ಹೋಟೆಲಿನವರು ಬಿಡುಗಡೆ ಮಾಡಿದರೂ, ಅದು ಬ್ಯಾಂಕಿನಿಂದ ಬ್ಯಾಂಕಿಗೆ ದಾಟಿ ಬರಲು ಒಂದು ವಾರವಾಗಬಹುದು, ಕೆಲವೊಮ್ಮೆ ತಿಂಗಳೇ ಹಿಡಿಯಬಹುದು.

ಕ್ರೆಡಿಟ್ ಕಾರ್ಡಾದರೆ ಹೀಗೆ ನಿಲ್ಲುವುದು ಬ್ಯಾಂಕು ಕೊಟ್ಟ ಮಿತಿಯ ಒಂದು ಭಾಗ. ಎರಡು ಲಕ್ಷದ ಮಿತಿಯಲ್ಲಿ ಮೂವತ್ತು ಸಾವಿರ ಬ್ಲಾಕ್ ಆದರೆ ಉಳಿದ ಒಂದು ಲಕ್ಷ ಎಪ್ಪತ್ತು ಸಾವಿರ ಬಳಸಬಹುದು, ಊರಿನ ಖಾತೆಯಲ್ಲಿರುವ ದುಡ್ಡು ಅಲುಗುವುದಿಲ್ಲ. ಡೆಬಿಟ್ ಕಾರ್ಡಾದರೆ ನಿಲ್ಲುವುದು ಈರುಳ್ಳಿ ಮಾರಿ ಬಂದ ದುಡ್ಡು, ಪಿಂಚಣಿಯ ದುಡ್ಡು. ಖಾತೆಯಲ್ಲಿ ಒಂದು ಲಕ್ಷ ಇಟ್ಟುಕೊಂಡು ಹೋದ ದಂಪತಿಯನ್ನು ಕಲ್ಪಿಸಿಕೊಳ್ಳಿ. ಮೊದಲ ಊರಿನ ಹೋಟೆಲು ಇಪ್ಪತ್ತು ಸಾವಿರ ಹಿಡಿಯಿತು. ಎರಡು ದಿನ ಬಿಟ್ಟು ಎರಡನೇ ಊರಿಗೆ ಹೋದಾಗ ಆ ಇಪ್ಪತ್ತು ಇನ್ನೂ ಬಂದಿಲ್ಲ, ಇಲ್ಲಿ ಮತ್ತೆ ಇಪ್ಪತ್ತು. ಬಾಡಿಗೆ ಕಾರಿನವರು ಐವತ್ತು ಕೇಳಿದರು. ಆಮೇಲೆ ಔಷಧಿ ಅಂಗಡಿಯಲ್ಲಿ ಕಾರ್ಡು ಕೊಟ್ಟರೆ ಯಂತ್ರ ಒಪ್ಪುವುದಿಲ್ಲ. ಅವರು ಖರ್ಚು ಮಾಡಿದ್ದು ಅತ್ತಿತ್ತ ಹತ್ತು ಸಾವಿರವೂ ಇರಲಿಕ್ಕಿಲ್ಲ. “ನಿನ್ನ ದುಡ್ಡೇ ಇದೆಯಲ್ಲ” ಎಂದು ಊರಿನಲ್ಲಿ ಧೈರ್ಯ ಹೇಳಿದವರಿಗೆ ಈ ಸಂಕಟ ಗೊತ್ತಾಗುವ ಬಗೆಯೇ ಇಲ್ಲ.

ಕೆಲವು ಸಲ ಹೋಟೆಲಿನವರು ಬ್ಲಾಕ್ ಮಾಡುವ ಬದಲು ಡಿಪಾಸಿಟ್ಟನ್ನು ಪೂರಾ ವಸೂಲಿ ಮಾಡಿ, ಹೊರಡುವಾಗ ವಾಪಸು ಹಾಕುತ್ತಾರೆ. ಆಗ ಹೋದ ದಿನದ ಯುರೋ ಬೆಲೆ ಬೇರೆ, ಬಂದ ದಿನದ ಬೆಲೆ ಬೇರೆ. ಅದರ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕ ಬೀಳುತ್ತದೆ. ಬಹಳಷ್ಟು ಕಾರ್ಡುಗಳಲ್ಲಿ ಇದು ಶೇ ೩.೫, ಆ ಶುಲ್ಕದ ಮೇಲೆ ಶೇ ೧೮ ಜಿಎಸ್‌ಟಿ. ಏನನ್ನೂ ಕೊಳ್ಳದೆ ದುಡ್ಡು ಕರಗುತ್ತದೆ. ಈ ನಷ್ಟ ಕ್ರೆಡಿಟ್ ಕಾರ್ಡಿಗೂ ಇದೆ, ಅದನ್ನು ಮುಚ್ಚಿಡಬಾರದು. ಹಾಗಾಗಿ ಕೌಂಟರಿನಲ್ಲಿ “ಬ್ಲಾಕ್ ಮಾಡುತ್ತೀರೋ, ಚಾರ್ಜ್ ಮಾಡುತ್ತೀರೋ” ಎಂದು ಕೇಳಿಯೇ ಕಾರ್ಡು ಕೊಡಬೇಕು.

ಬಾಡಿಗೆ ಕಾರಿನ ಪಾಡು ಹೋಟೆಲಿಗಿಂತ ಬಿಗಿ. ಹೊರದೇಶದ ಬಹುಪಾಲು ಬಾಡಿಗೆ ಕಾರಿನ ಕಂಪನಿಗಳು ಡಿಪಾಸಿಟ್ಟಿಗೆ ಕ್ರೆಡಿಟ್ ಕಾರ್ಡನ್ನೇ ಕೇಳುತ್ತವೆ. ಡೆಬಿಟ್ ಕಾರ್ಡು ಒಪ್ಪುವ ಕಡೆಯೂ ಹೆಚ್ಚಿನ ಡಿಪಾಸಿಟ್, ವಾಪಸು ಹೋಗುವ ವಿಮಾನದ ಟಿಕೆಟ್, ಇಲ್ಲವೇ ಅವರದೇ ದುಬಾರಿ ವಿಮೆ ಎಂಬ ಷರತ್ತು ಹಾಕುತ್ತಾರೆ. ಇಲ್ಲಿಂದ ತುಂಬಿಸಿಕೊಂಡು ಹೋದ ಫಾರೆಕ್ಸ್ ಕಾರ್ಡು ಅಂಗಡಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಕಾರಿನ ಡಿಪಾಸಿಟ್ಟಿಗೆ ಮಾತ್ರ ಬಹಳ ಕಡೆ ನಡೆಯುವುದಿಲ್ಲ. ಬಾಡಿಗೆಯನ್ನು ಇಂಟರ್‌ನೆಟ್‌ನಲ್ಲಿ ಮೊದಲೇ ಕಟ್ಟಿ ಹೋದವರು ಬರಿಗೈಯಲ್ಲಿ ವಾಪಸಾಗುವುದು ಇದೇ ಕಾರಣಕ್ಕೆ: ಬಾಡಿಗೆ ಬೇರೆ, ಡಿಪಾಸಿಟ್ ಬೇರೆ.

ಇದರ ಜೊತೆಗೆ ಹೆಸರಿನ ತೊಡಕು. ಕಾರ್ಡು ಗಾಡಿ ಓಡಿಸುವವರ ಹೆಸರಿನಲ್ಲೇ ಇರಬೇಕೆಂಬುದು ಸಾಮಾನ್ಯ ನಿಯಮ. ಅಪ್ಪನ ಕಾರ್ಡು ಕೊಟ್ಟು ಮಗ ಓಡಿಸುತ್ತೇನೆಂದರೆ ಕೀಲಿ ಕೊಡುವುದಿಲ್ಲ. ನಮ್ಮ ಕಡೆಯವರಿಗೆ ಇನ್ನೂ ಒಂದು ಕಷ್ಟವಿದೆ. ನಮ್ಮ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇರುತ್ತದೆ. ಬ್ಯಾಂಕಿನ ಕಾರ್ಡಿನ ಮೇಲೆ ‘ಟಿ ಆರ್’ ಎಂದಷ್ಟೇ ಅಚ್ಚಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ‘ಟಿ’ ತುರುವನೂರು ಎಂದು ಪೂರಾ ಬಿಡಿಸಿಕೊಂಡಿರುತ್ತದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಮೂರನೆಯ ರೂಪ. ಇಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಅಲ್ಲಿ ಕೌಂಟರಿನಲ್ಲಿ ಕುಳಿತವರಿಗೆ ಇವು ಮೂರು ಬೇರೆ ಬೇರೆ ಜನರ ಹೆಸರು. ಚಿತ್ರದುರ್ಗದ ಕೆಎ-೧೬ ಆರ್‌ಟಿಒ ಕಚೇರಿಗೆ ಹೋಗಿ ಒಂದು ಸಾವಿರ ರೂಪಾಯಿ ಶುಲ್ಕ ಕಟ್ಟಿ, ವರ್ಷದ ಅವಧಿಯ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸುವ ಶ್ರದ್ಧೆ ನಮ್ಮ ಹುಡುಗರಿಗೆ ಇದೆ. ಕಾರ್ಡಿನ ಮೇಲಿನ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದಿಸಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಡೆಬಿಟ್ ಕಾರ್ಡಿನ ಪರ ಇರುವವರ ಗಟ್ಟಿ ವಾದ ಒಂದಿದೆ: ಮೋಸವಾದರೆ ರಕ್ಷಣೆ ಎರಡಕ್ಕೂ ಒಂದೇ ತಾನೆ? ಕಾಗದದ ಮೇಲೆ ಬಹುಮಟ್ಟಿಗೆ ಹೌದು. ರಿಸರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆಯಂತೆ, ಹೊರಗಿನವರು ಮಾಡಿದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ. ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಮೊತ್ತವನ್ನು ತಾತ್ಕಾಲಿಕವಾಗಿಯಾದರೂ ಖಾತೆಗೆ ಹಾಕಬೇಕು. ಆದರೆ ಹೋಟೆಲಿನ, ಕಾರಿನ ಜಗಳ ಹೆಚ್ಚಾಗಿ ಈ ಬಗೆಯದ್ದಲ್ಲ. ಕಾರು ವಾಪಸು ಕೊಟ್ಟು ಊರಿಗೆ ಬಂದ ಮೇಲೆ ಬಂಪರಿನ ಗೀರಿಗೆ ಇಷ್ಟು, ಟೋಲ್ ತಪ್ಪಿಸಿದ್ದಕ್ಕೆ ಇಷ್ಟು ಎಂದು ಹಾಕುತ್ತಾರೆ. ನಮ್ಮ ದೇಶದೊಳಗಿನ ವಹಿವಾಟಿಗೆ ಬರುವ ಹಾಗೆ ಅದಕ್ಕೆ ಒಟಿಪಿ ಬರಬೇಕೆಂದೇನಿಲ್ಲ. ಕಾರ್ಡು ಕೊಟ್ಟವರು ನಾವೇ, ಸಹಿ ಹಾಕಿದವರೂ ನಾವೇ, ಆದ್ದರಿಂದ ಅದು ವಂಚನೆಯ ಲೆಕ್ಕಕ್ಕೆ ಸೇರದೆ ತಕರಾರಿನ ಲೆಕ್ಕಕ್ಕೆ ಸೇರುತ್ತದೆ. ತಕರಾರು ತಿಂಗಳುಗಟ್ಟಲೆ ಎಳೆಯಬಹುದು. ಅಷ್ಟು ದಿನ ಯಾರ ದುಡ್ಡು ಹೊರಗಿರುತ್ತದೆ ಎಂಬುದೇ ಇಲ್ಲಿ ಮುಖ್ಯ. ಡೆಬಿಟ್ ಕಾರ್ಡಿನಲ್ಲಿ ಮೊದಲು ದುಡ್ಡು ಹೋಗಿರುತ್ತದೆ, ಆಮೇಲೆ ನಾವು ಬೇಡುತ್ತಿರುತ್ತೇವೆ. ಕ್ರೆಡಿಟ್ ಕಾರ್ಡಿನಲ್ಲಿ ಅದು ಇನ್ನೂ ಕಟ್ಟದ ಬಿಲ್ಲಿನ ಒಂದು ಸಾಲು. ಗಡುವಿಗೆ ಮುಂಚೆಯೇ ತಕರಾರು ಎತ್ತಲು ಅವಕಾಶವಿದೆ. ದೂರು ಕೊಟ್ಟ ೩೦ ದಿನಗಳೊಳಗೆ ಬ್ಯಾಂಕು ವಿವರಣೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ೨೦೨೨ರ ನಿರ್ದೇಶನ ಹೇಳುತ್ತದೆ. ಕಾರ್ಡು ಒಮ್ಮೆ ತಗೊಂಡರೆ ಬಿಡಿಸಿಕೊಳ್ಳಲಾಗದು ಎಂಬ ಹೆದರಿಕೆಗೂ ಅದೇ ನಿರ್ದೇಶನದಲ್ಲಿ ಉತ್ತರವಿದೆ: ಬಾಕಿ ತೀರಿಸಿ ಮುಚ್ಚಲು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ ೫೦೦ ರೂಪಾಯಿ ದಂಡ ಕೊಡಬೇಕು.

ಗಡುವಿಗೆ ಸರಿಯಾಗಿ ಕಟ್ಟುವ ಶಿಸ್ತು ನಮ್ಮವರಿಗೆ ಎಲ್ಲಿಂದ ಬರಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದೇ ಇಲ್ಲ. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ತೆಗೆಯುವ ರೈತರು ಈ ಹೋಬಳಿಯಲ್ಲೂ ಇದ್ದಾರೆ. ಮೂರು ಲಕ್ಷವಿದ್ದ ಅದರ ಮಿತಿಯನ್ನು ರಾಜ್ಯ ಸರ್ಕಾರ ೨೦೨೩ರಲ್ಲಿ ಐದು ಲಕ್ಷಕ್ಕೆ ಏರಿಸಿತು. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ತಪ್ಪಿದರೆ ಬಡ್ಡಿ ಹತ್ತುತ್ತದೆ. ಬ್ಯಾಂಕಿನಲ್ಲಿ ೧೯೯೮ರಿಂದ ಇರುವ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲೂ ಹಾಗೆಯೇ. ಶೇ ೭ರ ಬಡ್ಡಿ ಸಕಾಲಕ್ಕೆ ಕಟ್ಟಿದವರಿಗೆ ಶೇ ೪ಕ್ಕೆ ಇಳಿಯುತ್ತದೆ. ಆ ರಿಯಾಯಿತಿ ಕೈತಪ್ಪಬಾರದೆಂದು ಗಡುವಿನ ವಾರದಲ್ಲಿ ಅಲ್ಲಿ ಇಲ್ಲಿ ಹೊಂದಿಸಿ ಕಟ್ಟಿ ರಿನ್ಯೂವಲ್ ಮಾಡಿಸುವ ಮನೆಗೆ ಕ್ರೆಡಿಟ್ ಕಾರ್ಡಿನ ಬಿಲ್ಲಿನ ತಾರೀಖು ಅರ್ಥವಾಗದೆ ಇರುವುದಿಲ್ಲ. ಪೂರಾ ಕಟ್ಟಿದರೆ ಬಡ್ಡಿ ಇಲ್ಲ ಎಂಬ ಕಟ್ಟಳೆಯಲ್ಲೇ ಈ ಜನ ವರ್ಷಗಳಿಂದ ಬದುಕುತ್ತಿದ್ದಾರೆ.

ಹಾಗಾದರೆ ಕಾರ್ಡು ಯಾಕೆ ಇಲ್ಲ? ಇಲ್ಲಿ ನನ್ನ ಸಿಟ್ಟು ಬ್ಯಾಂಕುಗಳ ಮೇಲೆ. ಬೆಂಗಳೂರಿನ ಮಾಲಿನಲ್ಲಿ ಸಂಬಳದವರನ್ನು ನಿಲ್ಲಿಸಿ ನಿಲ್ಲಿಸಿ ಕಾರ್ಡು ಕೊಡುವ ವ್ಯವಸ್ಥೆಗೆ, ಸಂಬಳದ ಚೀಟಿ ಇಲ್ಲದ ರೈತ ಎದುರು ಬಂದು ಕುಳಿತರೂ ಕಾಣುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ರಿಟರ್ನ್ ಇಲ್ಲ ಎಂಬ ಕಾರಣಕ್ಕೆ ಅರ್ಜಿ ಬಿದ್ದುಹೋಗುತ್ತದೆ. ಆದರೆ ಠೇವಣಿಯ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡು ಹಲವು ಬ್ಯಾಂಕುಗಳಲ್ಲಿ ಇದೆ. ಎಫ್‌ಡಿ ಇಟ್ಟರೆ ಅದರ ಬಹುಪಾಲಿನಷ್ಟು ಮಿತಿ ಸಿಗುತ್ತದೆ, ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಮನೆಯವರ ಹೆಸರಿನಲ್ಲಿ ಆಡ್-ಆನ್ ಕಾರ್ಡು ತೆಗೆದರೆ ಗಾಡಿ ಓಡಿಸುವ ಮಗನಿಗೆ ಅವನದೇ ಹೆಸರಿನ ಕಾರ್ಡು ಕೈಗೆ ಬರುತ್ತದೆ. ಇದನ್ನು ಗ್ರಾಹಕ ಕೇಳುವ ಮುಂಚೆ ಶಾಖೆಯವರೇ ಹೇಳಬೇಕು.

ಈಗ ಎಲ್ಲಾ ಕಡೆ ಫೋನ್ ಇದೆಯಲ್ಲ, ಯುಪಿಐ ಇದೆಯಲ್ಲ ಎಂಬ ಮಾತೂ ಕೇಳಿಬರುತ್ತದೆ. ೨೦೨೪ರ ಫೆಬ್ರುವರಿಯಿಂದ ಶ್ರೀಲಂಕಾ, ಮಾರಿಷಸ್‌ಗಳಲ್ಲಿ ಯುಪಿಐ ನಡೆಯುತ್ತಿದೆ, ಐಫೆಲ್ ಗೋಪುರದ ಟಿಕೆಟ್ಟಿಗೂ ನಡೆಯುತ್ತದೆ. ಸಂತೋಷದ ವಿಷಯ. ಕಾರಿನ ಕೀಲಿ ಕೊಡುವವರು ಕೇಳುವ ಡಿಪಾಸಿಟ್ಟಿಗೆ ಅದರಿಂದ ಪರಿಹಾರ ಇನ್ನೂ ಸಿಕ್ಕಿಲ್ಲ.

ಡೆಬಿಟ್ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಎಟಿಎಂನಿಂದ ಸ್ವಲ್ಪ ನಗದು ತೆಗೆಯಲು ಅದೇ ಸರಿ. ಆ ಕೆಲಸಕ್ಕೆ ಕ್ರೆಡಿಟ್ ಕಾರ್ಡು ಮುಟ್ಟಲೇಬಾರದು, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಅಂಗಡಿ, ಊಟಕ್ಕೆ ಫಾರೆಕ್ಸ್ ಕಾರ್ಡು ಇರಲಿ. ಯಂತ್ರದ ಪರದೆಯಲ್ಲಿ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂಬ ಪ್ರಶ್ನೆ ಬಂದರೆ, ಯಾವ ಕಾರ್ಡೇ ಆಗಲಿ, ಬೇಡವೆಂದು ಆ ದೇಶದ ನಾಣ್ಯವನ್ನೇ ಒತ್ತಬೇಕು. ರೂಪಾಯಿಗೆ ಅವರು ಹಾಕುವ ದರ ಸಾಮಾನ್ಯವಾಗಿ ನಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ. ಯಾವ ಕಾರ್ಡು ಒಯ್ದರೂ ಹೊರಡುವ ಮುಂಚೆ ಅದರ ಹೊರದೇಶದ ಬಳಕೆಯನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ೨೦೨೦ರ ಮಾರ್ಚ್ ೧೬ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದುಕೊಂಡು ಬರುತ್ತವೆ. ಇದನ್ನು ಚಾಲೂ ಮಾಡುವಾಗ ಬ್ಯಾಂಕಿನ ಆ್ಯಪಿನಲ್ಲಿ ದಿನದ ಮಿತಿಯನ್ನೂ ನಾವೇ ಹಾಕಬಹುದು, ಊರಿಗೆ ಮರಳಿದ ದಿನ ಮತ್ತೆ ಮುಚ್ಚಬಹುದು. ತುರುವನೂರಿನಿಂದ ಹೊರಡುವ ಹಿರಿಯರ ಫೋನಿನಲ್ಲಿ ಇದನ್ನು ಮಾಡಿಕೊಡುವುದು ಮಕ್ಕಳಿಗೆ ಐದು ನಿಮಿಷದ ಕೆಲಸ.